ಕಲ್ಯಾಣದ ಕರಿಗಲ್ಲಿಗೆ ವಯಸ್ಸೆಷ್ಟು?

ಬಸವಕಲ್ಯಾಣವನ್ನು ಆಳಿದ ಚಾಲುಕ್ಯರ ಕಾಲವನ್ನು ಶಾಸನಗಳು ಹೇಳುತ್ತವೆ. ಆದರೆ ಅಲ್ಲಿನ ಕರಿಗಲ್ಲಿನ ಕಾಲವನ್ನು ಹೇಳುವವರಾರು? ಕಲ್ಲೇ ಹೇಳುತ್ತದೆ!

ಹುಮನಾಬಾದ್, ಬಸವಕಲ್ಯಾಣ ಸೀಮೆಯ ಕರಿಗಲ್ಲು ಒಂದು ಕಾಲಕ್ಕೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸ. ಅದರೊಳಗಿನ ವಿಕಿರಣಶೀಲ ಪೊಟ್ಯಾಸಿಯಂ-40 ನಿಧಾನವಾಗಿ ಕ್ಷಯಿಸುತ್ತದೆ. ಅರ್ಧಕ್ಕಿಳಿಯಲು ಸುಮಾರು 125 ಕೋಟಿ ವರ್ಷ ಬೇಕು. ಕ್ಷಯಿಸಿದ್ದರಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ. ಕುದಿಯುವ ಲಾವಾದಿಂದ ಈ ಅನಿಲ ಹಾರಿಹೋಗುತ್ತದೆ. ಕಲ್ಲು ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸೆರೆಯಾಗುತ್ತದೆ. ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಕ್ಕಿತು. ಮಳೆ ಬಿಸಿಲಿಗೆ ಶಿಥಿಲವಾದ ಕಲ್ಲಿನಿಂದ ಆರ್ಗಾನ್ ಸೋರುವುದರಿಂದ ಗಟ್ಟಿ ಕಲ್ಲನ್ನೇ ಆರಿಸಬೇಕು.

ದಖನ್ನಿನ ಬಹುಪಾಲು ಲಾವಾಕ್ಕೆ ಹೀಗೆ ದೊರೆತ ವಯಸ್ಸು ಸುಮಾರು 6.6 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದದ್ದೂ ಆಗಲೇ. ಆ ಅಳಿವಿನಲ್ಲಿ ಮೆಕ್ಸಿಕೊಗೆ ಅಪ್ಪಳಿಸಿದ ಕ್ಷುದ್ರಗ್ರಹದ ಜೊತೆಗೆ ನಮ್ಮ ಕರಿಗಲ್ಲಿನ ಪಾಲೆಷ್ಟು ಎಂಬ ವಾದಕ್ಕೆ ಇಂಥ ಗಡಿಯಾರಗಳೇ ಸಾಕ್ಷಿ.