ಕರುಳಿನ ಶಸ್ತ್ರಚಿಕಿತ್ಸೆ ಮತ್ತು ಪಿತ್ತಾಮ್ಲಗಳ ಸಂಚಾರ

ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ನಿರ್ಮಿಸಿ, ಕೊಬ್ಬಿನ ಪಚನಕ್ಕಾಗಿ ಕರುಳಿಗೆ ಕಳುಹುತ್ತದೆ. ಸಣ್ಣಕರುಳಿನ ಕೊನೆಯ ಭಾಗವು ಅವುಗಳಲ್ಲಿ ಶೇಕಡಾ 95ರಷ್ಟನ್ನು ಹೀರಿ ಯಕೃತ್ತಿಗೆ ಮರಳಿಸುವುದು. ಬೆಟಗೇರಿಯ ಮಗ್ಗದ ಲಾಳಿಯಂತೆ ಈ ಸಂಚಾರವು ದಿನಕ್ಕೆ ಹಲವು ಬಾರಿ ನಡೆಯುತ್ತದೆ.

ಆ ಭಾಗವನ್ನು ಶಸ್ತ್ರವೈದ್ಯರು ಆಹಾರಮಾರ್ಗದಿಂದ ಬೇರ್ಪಡಿಸಿದರೆ ಪಿತ್ತಾಮ್ಲಗಳು ಮಲದೊಡನೆ ಹೊರಹೋಗುವವು. ಕೊರತೆಯನ್ನು ತುಂಬಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನೇ ಬಳಸುವುದು. ಅಮೆರಿಕದ ಮಿನೆಸೋಟದಲ್ಲಿ ಡಾ. ಹೆನ್ರಿ ಬುಕ್ವಾಲ್ಡರು 1963ರಲ್ಲಿ ಈ ಚಿಕಿತ್ಸೆಯನ್ನು ಆರಂಭಿಸಿದರು. ಹೃದಯಾಘಾತದಿಂದ ಪಾರಾದ 838 ಜನರ ಅಧ್ಯಯನದ 1990ರ ವರದಿಯಂತೆ, ಚಿಕಿತ್ಸೆ ಪಡೆದವರಲ್ಲಿ ಕೆಟ್ಟ ಕೊಲೆಸ್ಟರಾಲು ಉಳಿದವರಿಗಿಂತ ಶೇಕಡಾ 38ರಷ್ಟು ಕಡಿಮೆಯಿತ್ತು. ಇಂದು ಆ ಕಾರ್ಯಕ್ಕೆ ಸ್ಟ್ಯಾಟಿನ್ ಗುಳಿಗೆಗಳಿವೆ.

ಆದರೂ ಕ್ಷಯದಿಂದಲೋ ವಿಷಮಶೀತಜ್ವರದಿಂದಲೋ ಆ ಭಾಗವನ್ನು ಕಳೆದುಕೊಂಡವರಿಗೆ ಈ ಅರಿವು ಅವಶ್ಯ. ಬಿ-12 ಜೀವಸತ್ವವೂ ಅಲ್ಲಿಯೇ ಹೀರಲ್ಪಡುವುದರಿಂದ ಅದರ ಚುಚ್ಚುಮದ್ದಿನ ವಿಷಯವನ್ನು ಅವರು ವೈದ್ಯರಲ್ಲಿ ವಿಚಾರಿಸತಕ್ಕದ್ದು.