ಸಿಪ್ಪೆಯ ಸುಗ್ಗಿ

ಮಾಗಿ ಚಳಿ ಹಿಡಿಯುತ್ತಿದ್ದಂತೆ ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ವಿಶ್ವೇಶ್ವರಪುರದ ಮನೆಗಳಲ್ಲಿ ಸೊಗಡವರೆಯ ರಾಶಿ ಬೀಳುತ್ತದೆ. ಹಿತಕಿದ ಬೇಳೆಯ ಸಾರು ಮಾಡುವವರಿಗೆ ಸಿಪ್ಪೆ ಎರಡು ಬಗೆ. ಕಾಯಿ ಸುಲಿದಾಗ ಸಿಗುವ ಹಸಿರು ಸಿಪ್ಪೆ ಮೊದಲನೆಯದು. ರಾತ್ರಿಯಿಡೀ ನೆನೆದ ಕಾಳನ್ನು ಹಿತುಕಿದಾಗ ಬೆರಳುಗಳ ನಡುವೆ ಉಳಿಯುವ ತೆಳ್ಳನೆ ಪೊರೆ ಎರಡನೆಯದು. ಕೊಂಡದ್ದರಲ್ಲಿ ಅರ್ಧ ಸಿಪ್ಪೆಯೇ ಹೋಯಿತು ಎಂದು ಮನೆಯವರು ಗೊಣಗುತ್ತಾರೆ. ಬೀದಿಯ ಕೊನೆಯಲ್ಲಿ ಕಾದು ನಿಂತ ಹಸುವಿಗೆ ಆ ದೂರೇನೂ ಇಲ್ಲ.

ಸುಗ್ಗಿ ಮುಗಿದ ಮೇಲೆ ಮನುಷ್ಯರಿಗೆ ಬೇಡವಾದದ್ದನ್ನು ದನಕ್ಕೆ ಬಿಡುವುದು ಜಗತ್ತಿನಾದ್ಯಂತ ಇರುವ ರೂಢಿ. ಅಮೆರಿಕದ ನೆಬ್ರಾಸ್ಕಾದಲ್ಲಿ ಮುಸುಕಿನ ಜೋಳ ಕೊಯ್ದ ಹೊಲಕ್ಕೆ ಮಾಂಸದ ತಳಿಯ ಹಸುಗಳನ್ನು ಬಿಡುತ್ತಾರೆ, ಚಳಿಗಾಲದ ಬಹುಪಾಲು ಅವು ಅಲ್ಲೇ ಮೇಯುತ್ತವೆ. ಅವು ತಿನ್ನುವ ಕ್ರಮ ನೋಡಬೇಕು: ಮೊದಲು ಉದುರಿದ ತೆನೆ, ಆಮೇಲೆ ತೆನೆಯ ಹೊದಿಕೆ ಮತ್ತು ಗರಿ, ಬೇರೇನೂ ಉಳಿಯದಿದ್ದರೆ ಮಾತ್ರ ದಂಟು. ಜಾಣ ರೈತ ದಂಟಿನ ಸರದಿ ಬರುವ ಮುಂಚೆಯೇ ಮಂದೆಯನ್ನು ಬೇರೆ ಹೊಲಕ್ಕೆ ಹೊಡೆಯುತ್ತಾನೆ. ನಮ್ಮಲ್ಲಿ ಹೊಲವೇ ಊರೊಳಗೆ ಬರುತ್ತದೆ. ಮಾಗಡಿ ಕಡೆಯಿಂದ ಅವರೆ, ಪರಿಷೆಗೆ ಕಡಲೆಕಾಯಿ, ಸಂಕ್ರಾಂತಿಗೆ ಕಬ್ಬು. ಆಯ್ಕೆಯ ಜಾಣ್ಮೆ ಮಾತ್ರ ಅದೇ.

ಈ ಆಯ್ಕೆಯ ಹಿಂದೆ ಇರುವುದು ಒಂದೇ ಪ್ರಶ್ನೆ: ಗಿಡವನ್ನು ಕೊಯ್ದದ್ದು ಯಾವಾಗ? ಭತ್ತವೋ ರಾಗಿಯೋ ಮಾಗುವಾಗ ಎಲೆಯಲ್ಲಿದ್ದ ಸಾರಜನಕ, ಸಕ್ಕರೆ ಬಹುಪಾಲು ಕಾಳಿಗೆ ಹರಿದುಹೋಗುತ್ತವೆ. ಹಿಂದೆ ಉಳಿಯುವುದು ಸೆಲ್ಯುಲೋಸ್, ಅದನ್ನು ಬಿಗಿದು ಕಟ್ಟಿರುವ ಲಿಗ್ನಿನ್. ಭತ್ತದ ಹುಲ್ಲಿನಲ್ಲಾದರೆ ಜೊತೆಗೆ ಮರಳಿನದೇ ವಸ್ತುವಾದ ಸಿಲಿಕಾ ಬೇರೆ. ರಾಗಿಯ ತೆನೆ ಮಾಗುವಾಗ ದಂಟಿನಲ್ಲಿ ಇನ್ನೂ ಒಂದಿಷ್ಟು ಹಸಿರು ಉಳಿದಿರುತ್ತದೆ. ಹಳೇ ಮೈಸೂರಿನ ರೈತ ರಾಗಿಹುಲ್ಲಿನ ಮೆದೆಯನ್ನು ಜೋಪಾನ ಮಾಡಿ, ಭತ್ತದ ಹುಲ್ಲಿಗೆ ಎರಡನೇ ಮಣೆ ಹಾಕಿದ್ದು ಸುಮ್ಮನೆ ಅಲ್ಲ. ಅವರೆಯದು ಬೇರೆಯೇ ಕಥೆ. ಕಾಯಿ ಇನ್ನೂ ಹಸಿರಾಗಿರುವಾಗಲೇ ಕಿತ್ತದ್ದರಿಂದ ಸಿಪ್ಪೆಯ ಸಾರ ಪೂರ್ತಿ ಕಾಳಿಗೆ ಹರಿದಿರುವುದಿಲ್ಲ.

ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಡೆಯುವ ಕಡಲೆಕಾಯಿ ಪರಿಷೆಯಲ್ಲೂ ಇದೇ ಪಾಠ ಬಿದ್ದುಕೊಂಡಿರುತ್ತದೆ. ಬುಲ್ ಟೆಂಪಲ್ ರಸ್ತೆಯ ಇಕ್ಕೆಲದಲ್ಲಿ ಕಾಲಿಟ್ಟಲ್ಲೆಲ್ಲ ಸಿಪ್ಪೆ ಕರಕರ ಎನ್ನುತ್ತದೆ. ಅದರಲ್ಲಿ ಲಿಗ್ನಿನ್ ಎಷ್ಟು ತುಂಬಿದೆಯೆಂದರೆ ಹಸುವಿನ ಮಟ್ಟಿಗೆ ಅದು ಸೌದೆ. ಹಸು ಆ ರಾಶಿಗೆ ಮೂತಿ ಹಾಕುವುದು ಅಲ್ಲೊಂದು ಇಲ್ಲೊಂದು ಉಳಿದ ಬೀಜಕ್ಕಾಗಿ. ಮೇಲಿನ ಮುಂದವಡೆಯಲ್ಲಿ ಅದಕ್ಕೆ ಹಲ್ಲೇ ಇಲ್ಲ, ನಾಲಗೆಯಿಂದ ಗುಡಿಸಿಕೊಳ್ಳಬೇಕು. ಹಾಗಾಗಿ ಬೀಜದ ಜೊತೆ ಸಿಪ್ಪೆಯೂ ಒಳಗೆ ಹೋಗುತ್ತದೆ. ನಿಜವಾದ ಮೇವು ಉಳಿದಿರುವುದು ಹೊಲದಲ್ಲಿ: ಕಾಯಿ ಬಿಡಿಸಿಕೊಂಡ ಬಳ್ಳಿ. ಎಲೆ ಇನ್ನೂ ಹಸಿರಾಗಿರುವಾಗಲೇ ಕಿತ್ತ ಗಿಡ ಅದು, ಒಣಗಿಸಿಟ್ಟರೂ ಅದರಲ್ಲಿ ಶೇಕಡ 10ರ ಆಸುಪಾಸು ಪ್ರೋಟೀನ್ ಇರುತ್ತದೆ. ರಾಗಿಹುಲ್ಲಿನಲ್ಲಿ ಇರುವುದು 3–4. ಬೆಳೆದು ನಿಂತ ಕಡಲೆಕಾಯಿ ಹೊಲವನ್ನು ಬಸವ ಬಂದು ಮೇಯುತ್ತಿತ್ತು ಎಂಬುದು ಪರಿಷೆಯ ಐತಿಹ್ಯ. ಬಸವನ ರುಚಿಯಲ್ಲಿ ತಪ್ಪು ಹುಡುಕಲಾಗದು.

ಹುಲ್ಲನ್ನು ತಿನ್ನುವುದು ಹಸು, ಅರಗಿಸುವುದು ಮಾತ್ರ ಹಸುವಲ್ಲ. ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವ ಯಾವ ಸಸ್ತನಿಯಲ್ಲೂ ಇಲ್ಲ. ಹೊಟ್ಟೆಯ ಮೊದಲ ಕೋಣೆ ರೂಮೆನ್. ದೊಡ್ಡ ಹಸುವಿನಲ್ಲಿ ಅದು ನೂರು ಲೀಟರಿಗೂ ಮಿಗಿಲಾದ ಹುದುಗಿನ ಹಂಡೆ, ಬಿಸಿ ಸದಾ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದರ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳು. ಅವು ನಾರನ್ನು ಒಡೆದು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಬಿಡುತ್ತವೆ. ಹಸು ಬದುಕುವುದು ಹೆಚ್ಚಾಗಿ ಆ ಆಮ್ಲಗಳ ಮೇಲೆ. ಆಮೇಲೆ ಆ ಬ್ಯಾಕ್ಟೀರಿಯಾಗಳೂ ಮುಂದಿನ ಕೋಣೆಗಳಿಗೆ ಸಾಗಿ ಜೀರ್ಣವಾಗುತ್ತವೆ. ಅವೇ ಹಸುವಿನ ಪ್ರೋಟೀನ್.

ತೊಡಕು ಇರುವುದು ಇಲ್ಲೇ. ಬ್ಯಾಕ್ಟೀರಿಯಾ ಬೆಳೆಯಲು ಸಾರಜನಕ ಬೇಕು. ಮೇವಿನಲ್ಲಿ ಪ್ರೋಟೀನ್ ಶೇಕಡ 7ಕ್ಕಿಂತ ಕೆಳಗಿಳಿದರೆ ಅವು ಸೊರಗುತ್ತವೆ, ನಾರು ಕರಗುವುದು ನಿಧಾನವಾಗುತ್ತದೆ, ಹಿಂದಿನ ದಿನದ ಹುಲ್ಲು ಜಾಗ ಬಿಡುವುದಿಲ್ಲ. ಬರೀ ಹುಲ್ಲು ತಿನ್ನುವ ಹಸು ಹೊಟ್ಟೆ ತುಂಬಿದ್ದೂ ಬಡಕಲಾಗುವುದು ಹೀಗೆ. ಅದಕ್ಕೆ ದಿನಕ್ಕೊಂದು ಬುಟ್ಟಿ ಅವರೆ ಸಿಪ್ಪೆ ಕೊಟ್ಟರೆ ಸಿಪ್ಪೆಯ ಸಾರವಷ್ಟೇ ಅಲ್ಲ, ಪಕ್ಕದಲ್ಲಿರುವ ಹುಲ್ಲಿನ ಸಾರವೂ ಹೆಚ್ಚು ದಕ್ಕುತ್ತದೆ. ಹಿತುಕಿದ ಪೊರೆಯನ್ನಂತೂ ಚರಂಡಿಗೆ ಚೆಲ್ಲಬಾರದು. ದ್ವಿದಳ ಕಾಳುಗಳ ಪೊರೆಯಲ್ಲಿ ನಾರು ತುಂಬ, ಲಿಗ್ನಿನ್ ಕಡಿಮೆ, ಆದ್ದರಿಂದ ಸುಲಭವಾಗಿ ಕರಗುತ್ತದೆ. ತೊಗರಿ, ಕಡಲೆಯ ಹೊಟ್ಟಿಗೆ ಅಂಗಡಿಯಲ್ಲಿ ಬೆಲೆ ಇರುವುದೂ ಅದಕ್ಕೇ.

ಸಿಪ್ಪೆ ಸಿಗದ ಹಳ್ಳಿಯಲ್ಲಿ ಪಶುವೈದ್ಯರು ಯೂರಿಯಾ ಉಪಚಾರ ಹೇಳಿಕೊಡುತ್ತಾರೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವುದು. ಯೂರಿಯಾದಿಂದ ಹುಟ್ಟುವ ಅಮೋನಿಯಾ ಲಿಗ್ನಿನ್ನಿನ ಬಿಗಿ ಸಡಿಲಿಸುತ್ತದೆ, ಬ್ಯಾಕ್ಟೀರಿಯಾಗಳಿಗೆ ಸಾರಜನಕವನ್ನೂ ಒದಗಿಸುತ್ತದೆ. ಅಳತೆ ತಪ್ಪಿದರೆ ಅದೇ ವಿಷ. ಇನ್ನು ಬರೀ ಹುಲ್ಲಿನ ಮೇವಿನಲ್ಲಿ ಮೀಥೇನ್ ಹೆಚ್ಚು ಹುಟ್ಟಿ ತೇಗಿನಲ್ಲಿ ಹೊರಬೀಳುತ್ತದೆ. ಅದನ್ನು ತಗ್ಗಿಸುವ ‘ಹರಿತ್ ಧಾರಾ’ ಎಂಬ ಪೂರಕ ಆಹಾರ ರೂಪುಗೊಂಡದ್ದು ನಮ್ಮ ಆಡುಗೋಡಿಯಲ್ಲೇ, ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲಿ.

ಸಿಪ್ಪೆ ಒಳ್ಳೆಯದೆಂದು ಸುರಿಯುವಂತೆಯೂ ಇಲ್ಲ. ಖಾಲಿ ಹೊಟ್ಟೆಗೆ ಹಸಿ ದ್ವಿದಳ ಮೇವು ಒಟ್ಟಿಗೆ ಬಿದ್ದರೆ ರೂಮೆನ್‌ನಲ್ಲಿ ನೊರೆ ಏಳುತ್ತದೆ. ಗಾಳಿ ನೊರೆಯೊಳಗೆ ಸಿಕ್ಕಿಕೊಂಡು ತೇಗು ಬರುವುದಿಲ್ಲ. ಎಡ ಪಕ್ಕೆ ತಮಟೆಯಂತೆ ಬಿಗಿದು, ಉಸಿರು ಕಟ್ಟಿ, ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು. ಇಂಥ ಉಬ್ಬರಕ್ಕೆ ಕಡಲೆಕಾಯಿ ಎಣ್ಣೆ ಕುಡಿಸುವುದು ಹಳೆಯ ಮದ್ದು, ಎಣ್ಣೆ ನೊರೆಯನ್ನು ಒಡೆಯುತ್ತದೆ. ಅದಕ್ಕಿಂತ ವಾಸಿ, ಮೊದಲು ನಾಲ್ಕು ಹಿಡಿ ಒಣಹುಲ್ಲು ಹಾಕಿ ಆಮೇಲೆ ಸಿಪ್ಪೆ ಹಾಕುವುದು. ಸಂಕ್ರಾಂತಿಯ ದಿನ ಬೀದಿಯವರೆಲ್ಲ ಸಾಲಾಗಿ ತಿನ್ನಿಸುವ ಪೊಂಗಲ್ ಇನ್ನೂ ಅಪಾಯ. ಬೆಂದ ಅನ್ನ, ಬೆಲ್ಲ ಬಲುಬೇಗ ಹುದುಗಿ ಲ್ಯಾಕ್ಟಿಕ್ ಆಮ್ಲವಾಗಿ, ನಾರು ಕರಗಿಸುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತವೆ. ಅದರ ಬದಲು ಕಬ್ಬಿನ ಸೋಗೆ ಕೊಡಿ, ಅದು ಹಸಿರು ಮೇವೇ.

ಕೊಡುವಾಗ ಪ್ಲಾಸ್ಟಿಕ್ ಚೀಲದಿಂದ ಬಿಡಿಸಿ ಕೊಡಿ. ರೂಮೆನ್‌ನಿಂದ ಮುಂದಕ್ಕೆ ಹೋಗುವ ದಾರಿ ಕಿರಿದು, ಮೆಲುಕಿನಲ್ಲಿ ಚೂರುಚೂರಾದದ್ದು ಮಾತ್ರ ಅದರಲ್ಲಿ ದಾಟುತ್ತದೆ. ಚೀಲ ಚೂರಾಗುವುದಿಲ್ಲ. ಒಂದರ ಮೇಲೊಂದು ಸೇರಿ ಹಗ್ಗದಂತೆ ಹೊಸೆದುಕೊಂಡು ಅಲ್ಲೇ ಕೂರುತ್ತದೆ, ಪಶುವೈದ್ಯರು ಹೊಟ್ಟೆ ಸೀಳಿ ತೆಗೆಯುವ ತನಕ.