ಬೆವರಿನ ಲೆಕ್ಕ

ಉಷ್ಣಗತಿವಿಜ್ಞಾನವೆಂಬ ಹೆಸರು ಕಿವಿಗೆ ಬಿದ್ದೊಡನೆ ವಿದ್ಯಾರ್ಥಿಗಳಲ್ಲಿ ಹಲವರು ಅಳುಕುವರು. ಸೂತ್ರಗಳು ಬಾಯಿಪಾಠವಾಗಿರುತ್ತವೆ, ಆದರೆ ಪ್ರಶ್ನೆ ಎದುರಿಗೆ ಬಂದಾಗ ಯಾವ ಸೂತ್ರವನ್ನು ಎಲ್ಲಿ ಬಳಸಬೇಕೆಂಬುದು ಹೊಳೆಯದು. ಇದಕ್ಕೆ ಕಾರಣ ಗಣಿತದ ಕಾಠಿಣ್ಯವಲ್ಲ. ಈ ಶಾಸ್ತ್ರದ ಮೊದಲ ಲೆಕ್ಕಗಳಿಗೆ ಬೇಕಾಗುವ ಗಣಿತವೆಂದರೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಇಷ್ಟೇ. ಯಾವುದರ ಲೆಕ್ಕವನ್ನು ಮಾಡಹೊರಟಿದ್ದೇವೆ ಎಂಬುದನ್ನು ನಿಶ್ಚಯಿಸಿಕೊಳ್ಳದೆಯೇ ಕೈಹಾಕುವುದರಿಂದ ತೊಡಕು ಹುಟ್ಟುತ್ತದೆ.

ಈ ಶಾಸ್ತ್ರ ಬೆಳೆದುದು ಉಗಿಯಂತ್ರದ ಸುತ್ತ. ಫ್ರಾನ್ಸಿನ ಸಾದಿ ಕಾರ್ನೊ ೧೮೨೪ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಾಗ ಅವನ ಕಣ್ಣೆದುರಿಗೆ ಇದ್ದುದು ಉಗಿಯಂತ್ರವೇ. ಆದರೆ ಪ್ರಕೃತಿಯ ನಿಯಮಗಳು ಕಬ್ಬಿಣಕ್ಕೊಂದು, ರಕ್ತಮಾಂಸಗಳಿಗೊಂದು ಎಂದು ಬೇರೆಬೇರೆಯಾಗಿಲ್ಲ. ಬಾಗಲಕೋಟೆಯಲ್ಲಿ ೧೯೬೩ರಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜೂ ೨೦೦೨ರಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜೂ ಸ್ಥಾಪನೆಯಾದುವು. ಬಾಯ್ಲರಿನ ಶಾಖವನ್ನು ಅಳೆಯುವ ನಿಯಮವೇ ಜ್ವರದ ಶಾಖವನ್ನೂ ಅಳೆಯುತ್ತದೆ. ಈ ಎರಡು ವಿದ್ಯೆಗಳು ಕೈಕೂಡಿಸುವ ಎಡೆಯೇ ಜೈವಿಕ ಇಂಜಿನಿಯರಿಂಗ್. ಆ ವಿದ್ಯೆಯ ಮೊದಲ ಮೆಟ್ಟಿಲಿನಲ್ಲಿರುವ ನಾಲ್ಕು ಲೆಕ್ಕಗಳನ್ನು ನಾವೀಗ ಬಾಗಲಕೋಟೆ ಜಿಲ್ಲೆಯ ನಾಲ್ಕು ಊರುಗಳಿಂದ ಆರಿಸಿಕೊಂಡು ಬಿಡಿಸೋಣ.

ಗಡಿ ಮೊದಲು, ಸೂತ್ರ ಆಮೇಲೆ

ಅಂಗಡಿಯವನು ದಿನದ ಕೊನೆಯಲ್ಲಿ ಲೆಕ್ಕ ನೋಡುವಾಗ ಏನು ಮಾಡುತ್ತಾನೆ? ತನ್ನ ಅಂಗಡಿಯ ಗಲ್ಲೆಗೆ ಬಂದುದನ್ನು ಜಮೆ ಎಂದೂ ಹೋದುದನ್ನು ಖರ್ಚು ಎಂದೂ ಬರೆದು, ಉಳಿದುದನ್ನು ಶಿಲ್ಕು ಎನ್ನುತ್ತಾನೆ. ನೆರೆಯ ಅಂಗಡಿಯ ಹಣವನ್ನು ಅವನು ಎಣಿಸುವುದಿಲ್ಲ. ಉಷ್ಣಗತಿವಿಜ್ಞಾನದ ಮೊದಲನೆಯ ನಿಯಮವೂ ಇಂಥದೇ. ನಾವು ಆರಿಸಿಕೊಂಡ ವಸ್ತುವಿಗೆ ವ್ಯೂಹವೆಂದು ಹೆಸರು. ಅದರ ಸುತ್ತ ಮನಸ್ಸಿನಲ್ಲಿಯೇ ಒಂದು ಗಡಿಯನ್ನು ಎಳೆಯಬೇಕು. ಗಡಿಯನ್ನು ದಾಟಿ ಒಳಗೆ ಬಂದ ಶಕ್ತಿಯಿಂದ ಹೊರಗೆ ಹೋದ ಶಕ್ತಿಯನ್ನು ಕಳೆದರೆ, ವ್ಯೂಹದ ಒಳಗಿನ ಶಕ್ತಿ ಎಷ್ಟು ಹೆಚ್ಚಿತೆಂಬುದು ದೊರೆಯುತ್ತದೆ. ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ. ಇದ್ದುದು ಇಲ್ಲವಾಗುವುದೂ ಇಲ್ಲ.

ಈ ನಿಯಮವನ್ನು ಕಂಡವರಲ್ಲಿ ಮೊದಲಿಗನೊಬ್ಬ ಇಂಜಿನಿಯರನಲ್ಲ, ವೈದ್ಯನೆಂಬುದು ಸ್ವಾರಸ್ಯಕರವಾಗಿದೆ. ಜರ್ಮನಿಯ ಯೂಲಿಯುಸ್ ರಾಬರ್ಟ್ ಮಾಯರ್ ೧೮೪೦ರಲ್ಲಿ ಹಡಗಿನ ವೈದ್ಯನಾಗಿ ಜಾವಾ ದ್ವೀಪಕ್ಕೆ ಹೋಗಿದ್ದಾಗ, ನಾವಿಕರ ಅಭಿಧಮನಿಗಳ ರಕ್ತ ಯುರೋಪಿನಲ್ಲಿ ಕಾಣುವುದಕ್ಕಿಂತ ಹೆಚ್ಚು ಕೆಂಪಾಗಿರುವುದನ್ನು ಕಂಡನು. ಸೆಕೆಯ ನಾಡಿನಲ್ಲಿ ದೇಹವನ್ನು ಬೆಚ್ಚಗಿಡಲು ಕಡಿಮೆ ಆಹಾರವನ್ನು ಉರಿಸಿದರೆ ಸಾಕಾಗಬಹುದೆಂದು ಅವನು ತರ್ಕಿಸಿದನು. ಆಹಾರ, ಶಾಖ, ಕೆಲಸ ಈ ಮೂರೂ ಒಂದೇ ಶಕ್ತಿಯ ಬೇರೆಬೇರೆ ರೂಪಗಳೆಂಬ ನಿರ್ಣಯಕ್ಕೆ ಈ ವಿಚಾರಸರಣಿಯೇ ಅವನನ್ನು ಒಯ್ದಿತು. ೧೮೪೨ರಲ್ಲಿ ಅವನ ಲೇಖನ ಪ್ರಕಟವಾಯಿತು.

ಹುನಗುಂದದ ಹೊಲದಲ್ಲಿ

ಮೊದಲನೆಯ ಲೆಕ್ಕ. ಹುನಗುಂದದ ಎರೆಭೂಮಿಯಲ್ಲಿ ಬೇಸಗೆಯ ಒಂದು ಹಗಲು ೬೦ ಕಿಲೊಗ್ರಾಂ ತೂಕದ ಕೂಲಿಕಾರನೊಬ್ಬ ಬದು ಹಾಕುತ್ತಿದ್ದಾನೆ. ದುಡಿಯುವಾಗ ಅವನ ದೇಹದಲ್ಲಿ ಸೆಕೆಂಡಿಗೆ ೩೦೦ ಜೂಲ್ ಶಾಖ ಹುಟ್ಟುತ್ತದೆಂದು ಇಟ್ಟುಕೊಳ್ಳೋಣ. ಆ ಶಾಖವೆಲ್ಲ ದೇಹದಲ್ಲಿಯೇ ಉಳಿದರೆ ಒಂದು ಗಂಟೆಯಲ್ಲಿ ಅವನ ಮೈಯ ಉಷ್ಣತೆ ಎಷ್ಟು ಏರುವುದು?

ಇಲ್ಲಿ ಗಡಿ ಅವನ ಚರ್ಮ. ಒಂದು ಗಂಟೆಗೆ ೩೬೦೦ ಸೆಕೆಂಡು. ಆದುದರಿಂದ ಹುಟ್ಟುವ ಶಾಖ ೧೦೮೦ ಕಿಲೊಜೂಲ್. ಒಂದು ಕಿಲೊಗ್ರಾಂ ದೇಹವನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಲು ಸುಮಾರು ೩.೫ ಕಿಲೊಜೂಲ್ ಬೇಕು. ಅರವತ್ತು ಕಿಲೊಗ್ರಾಮಿಗೆ ೨೧೦ ಕಿಲೊಜೂಲ್. ೧೦೮೦ನ್ನು ೨೧೦ರಿಂದ ಭಾಗಿಸಿದರೆ ಬರುವುದು ೫.೧. ಎಂದರೆ ೩೭ ಡಿಗ್ರಿಯಲ್ಲಿದ್ದ ಮೈ ಒಂದೇ ಗಂಟೆಯಲ್ಲಿ ೪೨ ಡಿಗ್ರಿಯನ್ನು ದಾಟುತ್ತದೆ! ಒಳಮೈಯ ಉಷ್ಣತೆ ೪೦ ಡಿಗ್ರಿಯನ್ನು ಮೀರಿ ಬುದ್ಧಿ ಭ್ರಮಿಸತೊಡಗಿದರೆ ಅದೇ ಉಷ್ಣಾಘಾತ; ಅದು ಪ್ರಾಣಾಪಾಯದ ಸ್ಥಿತಿ. ಆದರೆ ದಿನವೂ ದುಡಿಯುವ ಲಕ್ಷಾಂತರ ಜನ ಹೀಗೆ ಬೀಳುವುದಿಲ್ಲ. ಆದಕಾರಣ ಶಾಖವು ಗಡಿಯನ್ನು ದಾಟಿ ಹೊರಬೀಳುತ್ತಿರಲೇಬೇಕು. ಯಾವ ಬಾಗಿಲಿನಿಂದ?

ಶಾಖವು ತಾನಾಗಿ ಹರಿಯುವುದು ಬಿಸಿಯ ಕಡೆಯಿಂದ ತಂಪಿನ ಕಡೆಗೆ. ಸೆಕೆಯಲ್ಲಿ ಚರ್ಮದ ಉಷ್ಣತೆ ಸುಮಾರು ೩೫ ಡಿಗ್ರಿ. ಹೊಲದ ಗಾಳಿ ೪೦ ಡಿಗ್ರಿ. ಹೀಗಿರುವಲ್ಲಿ ಗಾಳಿಯೂ ಬಿಸಿಲೂ ಮೈಯಿಂದ ಶಾಖವನ್ನು ಒಯ್ಯುವುದರ ಬದಲು ಮೈಗೇ ಶಾಖವನ್ನು ತುಂಬುತ್ತವೆ. ಅದು ಸೆಕೆಂಡಿಗೆ ೧೫೦ ಜೂಲ್ ಎಂದು ಭಾವಿಸೋಣ. ಉಳಿದಿರುವ ದೊಡ್ಡ ಬಾಗಿಲು ಒಂದೇ: ಬೆವರು ಆವಿಯಾಗುವುದು. ಚರ್ಮದ ಮೇಲೆ ಒಂದು ಕಿಲೊಗ್ರಾಂ ನೀರು ಆವಿಯಾಗಲು ಸುಮಾರು ೨೪೨೦ ಕಿಲೊಜೂಲ್ ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆ. ಒಳಗೆ ಹುಟ್ಟಿದ ೩೦೦, ಹೊರಗಿನಿಂದ ಬಂದ ೧೫೦, ಒಟ್ಟು ೪೫೦. ಒಂದು ಗಂಟೆಗೆ ೧೬೨೦ ಕಿಲೊಜೂಲ್. ಅದನ್ನು ೨೪೨೦ರಿಂದ ಭಾಗಿಸಿದರೆ ೦.೬೭. ನಾಲ್ಕು ಗಂಟೆ ದುಡಿದರೆ ಸುಮಾರು ೨.೭ ಲೀಟರ್ ಬೆವರು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಈ ಲೆಕ್ಕಕ್ಕೆ ಸೇರದು. ಮೈಮೇಲೆಯೇ ಆರಿದುದು ಮಾತ್ರ ತಂಪನ್ನು ಕೊಡುತ್ತದೆ.

ತಣ್ಣೀರು ಕುಡಿದರೆ ಮೈ ತಂಪಾಗುವುದೆಂಬ ನಂಬಿಕೆಯನ್ನೂ ಇಲ್ಲಿಯೇ ತೂಗಿನೋಡಬಹುದು. ೨೫ ಡಿಗ್ರಿಯ ಒಂದು ಲೀಟರ್ ನೀರು ಹೊಟ್ಟೆಯಲ್ಲಿ ೩೭ ಡಿಗ್ರಿಗೆ ಕಾಯಲು ಹೀರುವ ಶಾಖ ೧೨ನ್ನು ೪.೧೮ರಿಂದ ಗುಣಿಸಿದಷ್ಟು, ಎಂದರೆ ೫೦ ಕಿಲೊಜೂಲ್. ಅದೇ ನೀರು ಬೆವರಾಗಿ ಆರಿದರೆ ೨೪೨೦ ಕಿಲೊಜೂಲ್. ಹೆಚ್ಚು ಕಡಿಮೆ ೪೮ ಪಟ್ಟು. ಕುಡಿಯುವ ನೀರಿನ ಉಪಕಾರ ಅದರ ತಂಪಿನಲ್ಲಿರುವುದಕ್ಕಿಂತ ಅದು ಬೆವರಾಗುವುದರಲ್ಲಿದೆ. ಬೆವರಿನೊಡನೆ ಉಪ್ಪೂ ಹೋಗುವುದರಿಂದ, ಉಪ್ಪು ಬೆರೆಸಿದ ಮಜ್ಜಿಗೆಯನ್ನು ಹೊಲಕ್ಕೆ ಒಯ್ಯುವ ನಮ್ಮ ರೈತರ ರೂಢಿ ವಿವೇಕದ್ದೇ ಆಗಿದೆ.

ಬಾದಾಮಿಯ ಮೆಟ್ಟಿಲುಗಳು

ಮೊದಲನೆಯ ಲೆಕ್ಕದಲ್ಲಿ ಶಾಖವನ್ನು ಮಾತ್ರ ಎಣಿಸಿದೆವು. ಎರಡನೆಯದರಲ್ಲಿ ಕೆಲಸವನ್ನೂ ಸೇರಿಸೋಣ. ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟದಲ್ಲಿ ಆರನೆಯ ಶತಮಾನದ ಚಾಲುಕ್ಯರ ಕಾಲದ ಗುಹಾಲಯಗಳಿವೆ. ಮೂರನೆಯ ಗುಹೆಯಲ್ಲಿ ಕ್ರಿ.ಶ. ೫೭೮ರ ಶಾಸನವಿದೆ. ಅವುಗಳನ್ನು ನೋಡಲು ಮೆಟ್ಟಿಲು ಹತ್ತಬೇಕು. ಅರವತ್ತು ಕಿಲೊಗ್ರಾಮಿನ ವಿದ್ಯಾರ್ಥಿಯೊಬ್ಬ ಬೆಟ್ಟದಲ್ಲಿ, ಲೆಕ್ಕದ ಸೌಕರ್ಯಕ್ಕಾಗಿ, ೫೦ ಮೀಟರು ಮೇಲೇರಿದನೆನ್ನೋಣ.

ಭಾರವನ್ನು ಎತ್ತಿದ ಕೆಲಸ ೬೦, ೯.೮, ೫೦ ಇವುಗಳ ಗುಣಲಬ್ಧ: ೨೯.೪ ಕಿಲೊಜೂಲ್. ಆದರೆ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಮಾತ್ರ ಕೆಲಸವಾಗಿ ಪರಿವರ್ತಿಸಬಲ್ಲವು. ಆದುದರಿಂದ ದೇಹ ಖರ್ಚು ಮಾಡಿದ ಶಕ್ತಿ ೧೪೭ ಕಿಲೊಜೂಲ್, ಉಳಿದ ೧೧೭.೬ ಕಿಲೊಜೂಲ್ ಶಾಖವಾಯಿತು. ಮೇಲೇರಿದವನು ಏದುಸಿರಿನೊಡನೆ ಬೆವರುವುದು ಇದರಿಂದಲೇ.

ಇಲ್ಲಿ ವಿದ್ಯಾರ್ಥಿಗಳು ಎಡವುವುದು ಧನ, ಋಣ ಚಿಹ್ನೆಗಳಲ್ಲಿ. ಭೌತವಿಜ್ಞಾನದ ಪುಸ್ತಕಗಳು ವ್ಯೂಹ ಮಾಡಿದ ಕೆಲಸವನ್ನು ಧನವೆನ್ನುವುದುಂಟು. ರಸಾಯನವಿಜ್ಞಾನದ ಪುಸ್ತಕಗಳು ವ್ಯೂಹದ ಮೇಲೆ ನಡೆದ ಕೆಲಸವನ್ನು ಧನವೆನ್ನುತ್ತವೆ. ಎರಡೂ ಸರಿಯೇ, ಒಂದೇ ಲೆಕ್ಕದಲ್ಲಿ ಎರಡನ್ನೂ ಬೆರೆಸುವುದು ತಪ್ಪು. ಶಂಕೆ ಬಂದಾಗ ಸೂತ್ರವನ್ನು ಬಿಟ್ಟು ಅಂಗಡಿಯ ಲೆಕ್ಕಕ್ಕೆ ಮರಳಿರಿ: ಆಹಾರದ ಶೇಖರಣೆಯಿಂದ ೧೪೭ ಹೋಯಿತು, ೨೯.೪ ಕೆಲಸಕ್ಕೆ, ೧೧೭.೬ ಶಾಖಕ್ಕೆ. ಕೂಡಿ ನೋಡಿದರೆ ಲೆಕ್ಕ ಮುಟ್ಟುತ್ತದೆ.

ಬಾಗಲಕೋಟೆಯ ಗಡಿಗೆ

ಬೆವರು ಎಷ್ಟು ಆರಬೇಕೆಂಬುದನ್ನು ಮೊದಲನೆಯ ನಿಯಮ ಹೇಳುತ್ತದೆ. ಅದು ಆರೀತೇ ಎಂಬ ಪ್ರಶ್ನೆಗೆ ಉತ್ತರ ಎರಡನೆಯ ನಿಯಮದಲ್ಲಿದೆ. ಯಾವ ಬದಲಾವಣೆ ತಾನಾಗಿ ಯಾವ ದಿಕ್ಕಿನಲ್ಲಿ ನಡೆದೀತೆಂಬುದನ್ನು ಹೇಳುವ ನಿಯಮವದು. ಇದನ್ನು ತಿಳಿಯಲು ಬಾಗಲಕೋಟೆಯ ಮನೆಯೊಂದರಲ್ಲಿ ಇಟ್ಟ ಮಣ್ಣಿನ ಗಡಿಗೆ ಸಾಕು. ಹತ್ತು ಲೀಟರ್ ನೀರು ೩೫ರಿಂದ ೨೫ ಡಿಗ್ರಿಗೆ ಇಳಿಯಲು ೪೧೮ ಕಿಲೊಜೂಲ್ ಕಳೆದುಕೊಳ್ಳಬೇಕು. ಅದಕ್ಕಾಗಿ ಗಡಿಗೆಯ ರಂಧ್ರಗಳಿಂದ ಜಿನುಗಿದ ಸುಮಾರು ೧೭೦ ಗ್ರಾಂ ನೀರು ಆವಿಯಾದರೆ ಸಾಕು. ಹೊರಗಿನ ಶಾಖ ಒಳಬರುತ್ತಲೇ ಇರುವುದರಿಂದ ವಾಸ್ತವದಲ್ಲಿ ಇನ್ನಷ್ಟು ಆರಬೇಕಾಗುತ್ತದೆ.

ಇದೇ ಗಡಿಗೆಯನ್ನು ಮಳೆಗಾಲದ ಮುಂಚಿನ ಮಂಗಳೂರಿಗೆ ಒಯ್ದರೆ ನೀರು ಅಷ್ಟು ತಂಪಾಗದು. ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕ ತೋರಿಸುವ ಅಂಕಿಯೇ ಇಂಥ ತಂಪಿಗೆ ಮೇರೆ. ಗಾಳಿ ೪೦ ಡಿಗ್ರಿಯಲ್ಲಿದ್ದು ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೦ ಇದ್ದಾಗ ಆ ಅಂಕಿ ಸುಮಾರು ೨೩ ಡಿಗ್ರಿ. ಗಾಳಿ ೩೩ ಡಿಗ್ರಿಯಲ್ಲೇ ಇದ್ದು ಆರ್ದ್ರತೆ ೮೦ ಆದರೆ ಅದು ಸುಮಾರು ೩೦ ಡಿಗ್ರಿ. ಗಾಳಿಯಲ್ಲಿ ಈಗಾಗಲೇ ನೀರಾವಿ ತುಂಬಿದ್ದರೆ ಹೊಸ ಆವಿಗೆ ಎಡೆಯೆಲ್ಲಿ? ಮೈಯೂ ಒಂದು ಗಡಿಗೆಯೇ. ಒದ್ದೆ ಬಟ್ಟೆಯ ಅಂಕಿ ೩೫ ಡಿಗ್ರಿಯನ್ನು ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತವನೂ ಬಹಳ ಹೊತ್ತು ಬದುಕಲಾರನೆಂದು ೨೦೧೦ರಲ್ಲಿ ವಿಜ್ಞಾನಿಗಳು ಲೆಕ್ಕಹಾಕಿ ತೋರಿಸಿದರು. ೨೦೨೨ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ಆರೋಗ್ಯವಂತ ತರುಣರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಆರ್ದ್ರ ಹವೆಯಲ್ಲಿ ಈ ಅಂಕಿ ೩೧ ಡಿಗ್ರಿಯ ಹತ್ತಿರ ಬಂದಾಗಲೇ ದೇಹ ತನ್ನ ಕಾವನ್ನು ಹತೋಟಿಯಲ್ಲಿಡಲಾರದೆ ಹೋದುದು ಕಂಡುಬಂದಿತು.

ಇಳಕಲ್ಲಿನ ಮಗ್ಗದ ಕೋಣೆ

ಇನ್ನು ಕೊನೆಯ ಲೆಕ್ಕ. ಸೀರೆಗಳಿಗೆ ಹೆಸರಾದ ಇಳಕಲ್ಲಿನಲ್ಲಿ ನೇಕಾರರು ಕುಣಿಮಗ್ಗದಲ್ಲಿ, ಎಂದರೆ ಕಾಲುಗಳನ್ನು ನೆಲದ ಗುಂಡಿಯೊಳಗೆ ಇಳಿಬಿಟ್ಟು ಕುಳಿತು ನೇಯುವ ಮಗ್ಗದಲ್ಲಿ, ದುಡಿಯುತ್ತ ಬಂದಿದ್ದಾರೆ. ಹತ್ತಿಯ ನೂಲು ಒಣಗಾಳಿಯಲ್ಲಿ ಬೇಗ ತುಂಡಾಗುತ್ತದೆ. ಗಾಳಿಯಲ್ಲಿ ತೇವವಿದ್ದರೆ ಗಟ್ಟಿಯಾಗಿರುತ್ತದೆ. ನೂಲಿಗೆ ಹಿತವಾದುದು ನೇಯುವವನಿಗೂ ಹಿತವೇ?

ನಾಲ್ಕು ಮೀಟರು ಅಗಲ, ಐದು ಮೀಟರು ಉದ್ದ, ಮೂರು ಮೀಟರು ಎತ್ತರದ ಕೋಣೆಯೊಂದರಲ್ಲಿ ನಾಲ್ವರು ನೇಯುತ್ತಿದ್ದಾರೆಂದು ಕಲ್ಪಿಸಿಕೊಳ್ಳೋಣ. ಗಾಳಿ ೩೫ ಡಿಗ್ರಿ, ಆರ್ದ್ರತೆ ನೂರಕ್ಕೆ ೫೦. ಕಿಟಕಿ ಬಾಗಿಲು ಮುಚ್ಚಿವೆ. ಒಬ್ಬೊಬ್ಬರ ದೇಹದಿಂದ ಸೆಕೆಂಡಿಗೆ ೧೮೦ ಜೂಲ್ ಶಾಖ ಹೊರಡಬೇಕು. ಚರ್ಮವೂ ಗಾಳಿಯೂ ಸಮ ಉಷ್ಣತೆಯಲ್ಲಿರುವುದರಿಂದ ಅದೆಲ್ಲವೂ ಆವಿಯ ಮೂಲಕವೇ ಹೋಗಬೇಕು. ಗಂಟೆಗೆ ಒಬ್ಬರಿಗೆ ೬೪೮ ಕಿಲೊಜೂಲ್, ಎಂದರೆ ೦.೨೭ ಕಿಲೊಗ್ರಾಂ ನೀರು. ನಾಲ್ವರಿಗೆ ಸುಮಾರು ೧.೦೭ ಕಿಲೊಗ್ರಾಂ.

ಇಷ್ಟರವರೆಗೆ ಗಡಿ ಚರ್ಮವಾಗಿತ್ತು. ಈಗ ಅದನ್ನು ಕೋಣೆಯ ಗೋಡೆಗಳಿಗೆ ಸರಿಸೋಣ. ಕೋಣೆಯ ಗಾತ್ರ ೬೦ ಘನಮೀಟರು. ೩೫ ಡಿಗ್ರಿಯಲ್ಲಿ ಒಂದು ಘನಮೀಟರು ಗಾಳಿ ಹೆಚ್ಚೆಂದರೆ ಸುಮಾರು ೪೦ ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು, ಕೋಣೆಯೆಲ್ಲ ೨.೪ ಕಿಲೊಗ್ರಾಂ. ಅದರಲ್ಲಿ ಅರ್ಧ ಆಗಲೇ ತುಂಬಿದೆ. ಉಳಿದ ಎಡೆ ೧.೨ ಕಿಲೊಗ್ರಾಂ ಮಾತ್ರ. ಗಂಟೆಯೊಂದಕ್ಕೆ ತುಸು ಹೆಚ್ಚು ಹೊತ್ತಿನಲ್ಲಿ ಕೋಣೆ ನೀರಾವಿಯಿಂದ ತುಂಬಿಹೋಗುತ್ತದೆ. ಅದಕ್ಕೆ ಬಹಳ ಮೊದಲೇ ಬೆವರು ಆರುವುದು ಮಂದವಾಗುತ್ತದೆ. ಗೋಡೆಗಳು ತೇವವನ್ನು ಹೀರುವುದರಿಂದಲೂ ಬಾಗಿಲಿನ ಸಂದುಗಳಲ್ಲಿ ಗಾಳಿ ಆಡುವುದರಿಂದಲೂ ಕಾಲ ಒಂದಿಷ್ಟು ಮುಂದೆ ಹೋದೀತು. ಲೆಕ್ಕದ ತಾತ್ಪರ್ಯ ಬದಲಾಗದು. ಇಲ್ಲಿ ಬಿಸಿಲಿಲ್ಲ, ಶ್ರಮವೂ ಹೊಲಕ್ಕಿಂತ ಕಡಿಮೆ, ಆದರೂ ಅಪಾಯವಿದೆ. ಮುಚ್ಚಿದ ಕಿಟಕಿಯನ್ನು ತೆರೆದು ಎದುರಿನಿಂದಲೂ ಗಾಳಿ ಹಾಯುವಂತೆ ಮಾಡುವುದೇ ಪರಿಹಾರ. ಗುಂಡಿಯ ತೇವ ನೂಲಿನ ಬಳಿ ಇರಲಿ. ನೇಕಾರನ ಬೆನ್ನಿಗೆ ಹೊಸ ಗಾಳಿ ಬೇಕು.

ಲೆಕ್ಕದ ಪ್ರಯೋಜನ

ನಾಲ್ಕು ಲೆಕ್ಕಗಳಲ್ಲಿಯೂ ನಾವು ನಡೆದ ದಾರಿ ಒಂದೇ. ಮೊದಲು ಗಡಿಯನ್ನು ಎಳೆದೆವು. ಆಮೇಲೆ ಗಡಿಯನ್ನು ದಾಟುವುದನ್ನೆಲ್ಲ ಪಟ್ಟಿ ಮಾಡಿದೆವು. ಊಹೆಗಳನ್ನು ಬಾಯಿಬಿಟ್ಟು ಹೇಳಿದೆವು. ಎಲ್ಲವನ್ನೂ ಒಂದೇ ಮಾನಕ್ಕೆ ತಂದೆವು. ಕಡೆಗೆ ಉತ್ತರವನ್ನು ಲೋಕಾನುಭವದೊಡನೆ ಹೋಲಿಸಿದೆವು. ಈ ಶಿಸ್ತು ಪರೀಕ್ಷೆಯಲ್ಲಿ ಅಂಕಗಳನ್ನು ತರುವುದು ನಿಜ. ಆದರೆ ಅದರ ಬೆಲೆ ಅಷ್ಟಕ್ಕೆ ಮುಗಿಯದು. ದುಡಿಯುವವರಿಗೆ ಎಷ್ಟು ನೀರು ಬೇಕು, ಯಾವಾಗ ನೆರಳು ಬೇಕು, ಕೋಣೆಗೆ ಎಷ್ಟು ಗಾಳಿ ಬೇಕು ಎಂಬುದನ್ನು ಅದು ಮುಂಗಡವಾಗಿ ತಿಳಿಸುತ್ತದೆ. ಸೆಕೆಯಲ್ಲಿ ದುಡಿದವರ ಮಾತು ತೊದಲಿದರೆ ಅಥವಾ ಬುದ್ಧಿ ಕದಡಿದರೆ ತಡಮಾಡದೆ ನೆರಳಿಗೆ ಒಯ್ದು, ಮೈಗೆಲ್ಲ ನೀರು ಹಾಕಿ, ಗಾಳಿ ಬೀಸುತ್ತ, ಆಸ್ಪತ್ರೆಗೆ ಸಾಗಿಸಬೇಕು; ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಹೀಗೆ ನೀರೆರೆದು ಗಾಳಿ ಬೀಸುವುದೆಂದರೆ ನಿಂತುಹೋದ ಬೆವರಿನ ಕೆಲಸವನ್ನು ನಾವು ಕೈಯಾರೆ ಮಾಡುವುದೇ ಆಗಿದೆ.

ವಾಚಕರ ಅಭ್ಯಾಸಕ್ಕಾಗಿ ಇನ್ನೊಂದು ಲೆಕ್ಕವನ್ನು ಕೊಡುತ್ತೇವೆ. ಇಳಕಲ್ಲಿನ ಕೆಂಪು ಗ್ರಾನೈಟಿನ ಗಣಿಯಲ್ಲಿ ೭೦ ಕಿಲೊಗ್ರಾಂ ತೂಕದ ಕೆಲಸಗಾರನ ದೇಹದಲ್ಲಿ ಸೆಕೆಂಡಿಗೆ ೩೫೦ ಜೂಲ್ ಶಾಖ ಹುಟ್ಟುತ್ತದೆ; ಬಿಸಿಲಿನಿಂದಲೂ ಕಾದ ಬಂಡೆಯಿಂದಲೂ ೨೦೦ ಜೂಲ್ ಒಳಬರುತ್ತದೆ. ಮೈಯ ಉಷ್ಣತೆ ಏರದಿರಲು ಮೂರು ಗಂಟೆಗಳಲ್ಲಿ ಎಷ್ಟು ಬೆವರು ಆರಬೇಕು? ಉತ್ತರ ಎರಡೂವರೆ ಲೀಟರಿಗೆ ತುಸು ಕಡಿಮೆ ಬಂದರೆ ನಿಮ್ಮ ಲೆಕ್ಕ ಸರಿ. ಕೆಲಸಗಾರನ ತೂಕ ಈ ಲೆಕ್ಕಕ್ಕೆ ಏಕೆ ಬೇಕಾಗಲಿಲ್ಲವೆಂಬುದನ್ನೂ ಯೋಚಿಸಿರಿ.